ತಪ್ಪಾಯ್ತು ಎಂದು ಸರಿಯಾಗಿ ಕೇಳುವುದು ಹೇಗೆ? ಜೈನರ ಕ್ಷಮಾವಣಿ ಹೇಳಿಕೊಡುವ ಹಂತಗಳು

ಭಾದ್ರಪದ ಹುಣ್ಣಿಮೆಯ ಮರುದಿನ, ನಿಮಗೆ ಜೈನ ಸ್ನೇಹಿತರಿದ್ದರೆ, ವಾಟ್ಸ್‌ಆ್ಯಪ್ ತುಂಬಿಹೋಗುತ್ತದೆ. ಕೈಮುಗಿದ ಚಿತ್ರ. ಕೆಳಗೆ ‘ತಿಳಿದೋ ತಿಳಿಯದೆಯೋ ನನ್ನಿಂದ ನೋವಾಗಿದ್ದರೆ ಕ್ಷಮಿಸಿ’ ಎಂಬ ಸಾಲು. ಅದು ಕ್ಷಮಾವಣಿ. ದಶಲಕ್ಷಣ ಪರ್ವದ ಹತ್ತು ದಿನ ಮುಗಿದ ಮೇಲೆ ದಿಗಂಬರ ಜೈನರು ಒಬ್ಬರನ್ನೊಬ್ಬರು ಕ್ಷಮೆ ಕೇಳುವ ದಿನ. ಜೈನರ ಇನ್ನೊಂದು ಪಂಥವಾದ ಶ್ವೇತಾಂಬರರಲ್ಲಿ ಇದೇ ಕೆಲಸ ಅದಕ್ಕೂ ಮುಂಚೆ, ಪರ್ಯುಷಣದ ಕೊನೆಯ ದಿನವಾದ ಸಂವತ್ಸರಿಯಂದು ನಡೆಯುತ್ತದೆ. ಅವರು ‘ಮಿಚ್ಛಾಮಿ ದುಕ್ಕಡಂ’ ಎನ್ನುತ್ತಾರೆ, ನಾನು ಮಾಡಿದ ಕೆಟ್ಟದ್ದು ಹುಸಿಯಾಗಲಿ ಎಂದರ್ಥ.

ಮೆಸೇಜು ಕಳಿಸುವುದು ತಪ್ಪೇನಲ್ಲ. ಆದರೆ ಇನ್ನೂರು ಜನಕ್ಕೆ ಹೋದ ಆ ಮೆಸೇಜು, ನಿಜವಾಗಿ ಮಾತು ಬಿಟ್ಟಿರುವ ಒಬ್ಬರಿಗೆ ಮಾತ್ರ ಹೋಗಿರುವುದಿಲ್ಲ. ಈ ಲೇಖನ ಆ ಒಬ್ಬರ ಬಗ್ಗೆ. ನೀವು ಜೈನರಾಗಿರಬೇಕಿಲ್ಲ, ಭಾದ್ರಪದದವರೆಗೆ ಕಾಯಬೇಕಾಗಿಯೂ ಇಲ್ಲ. ಕ್ಷಮೆ ಕೇಳುವ ಕೆಲಸವನ್ನು ಜೈನರಷ್ಟು ಬಿಡಿಬಿಡಿಯಾಗಿ ಯೋಚಿಸಿದವರು ಕಡಿಮೆ ಎಂಬ ಕಾರಣಕ್ಕೆ ಅವರ ದಾರಿ ಹಿಡಿದಿದ್ದೇನೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಗೃಹಪ್ರವೇಶದ ಊಟ. ಪಂಕ್ತಿಯಲ್ಲಿ ನೆಂಟರೆಲ್ಲ ಕೂತಿದ್ದಾರೆ. ಆಸ್ತಿ ಪಾಲಿನ ಮಾತು ಬಂದಾಗ ತಮ್ಮ ಜೋರಾಗಿ ಹೇಳುತ್ತಾನೆ: ‘ಅಮ್ಮನ ಬಳೆ ಎಲ್ಲಿ ಹೋಯ್ತು ಅಂತ ಅತ್ತಿಗೇನ ಕೇಳಿ.’ ಬಡಿಸುತ್ತಿದ್ದ ಅತ್ತಿಗೆ ಸಾರಿನ ಪಾತ್ರೆ ಅಲ್ಲೇ ಇಟ್ಟು ಒಳಗೆ ಹೋಗುತ್ತಾರೆ. ಆಸ್ಪತ್ರೆ ಖರ್ಚಿಗೆಂದು ಅಮ್ಮನೇ ಆ ಬಳೆ ಮಾರಿಸಿದ್ದು ಅಂತ ತಮ್ಮನಿಗೆ ಆಮೇಲೆ ಗೊತ್ತಾಗುತ್ತದೆ. ನಾಲ್ಕು ವರ್ಷವಾಯಿತು, ಅತ್ತಿಗೆ ಮಾತಾಡಿಲ್ಲ. ಈ ತಮ್ಮ ಈಗ ಏನು ಮಾಡಬೇಕು?

ಶುರು ಮಾಡುವ ಮುಂಚೆ: ಕರ್ಮ ಎಂದರೆ ಹಣೆಬರಹ ಅಲ್ಲ

ಹಣೆ ಚಚ್ಚಿಕೊಂಡು ‘ನನ್ನ ಕರ್ಮ!’ ಎನ್ನುವುದು ನಮ್ಮೆಲ್ಲರಿಗೂ ಅಭ್ಯಾಸ. ಜೈನರ ಲೆಕ್ಕದಲ್ಲಿ ಆ ಹಣೆಯ ಮೇಲೆ ಬರೆಯುವವನೇ ಇಲ್ಲ. ಕರ್ಮ ಅವರಿಗೆ ಒಂದು ವಸ್ತು, ಕಣ್ಣಿಗೆ ಕಾಣದ ಸೂಕ್ಷ್ಮ ಕಣ. ಮನಸ್ಸು, ಮಾತು, ಮೈ ಕದಲಿದಾಗ ಅದು ಆತ್ಮದತ್ತ ಹರಿದು ಬರುತ್ತದೆ. ಸಿಟ್ಟು, ಸೊಕ್ಕು, ಕಪಟ, ದುರಾಸೆ ಇದ್ದರೆ ಗಟ್ಟಿಯಾಗಿ ಅಂಟುತ್ತದೆ. ಈ ನಾಲ್ಕಕ್ಕೆ ಕಷಾಯ ಎಂದು ಹೆಸರು (ಜೀರಿಗೆ ಕಷಾಯ ಅಲ್ಲ). ಹೊಸದು ಬರದಂತೆ ತಡೆಯುವುದು ಸಂವರ, ಅಂಟಿದ್ದನ್ನು ಉದುರಿಸುವುದು ನಿರ್ಜರೆ.

ಅಂಟಿದ ಕರ್ಮ ಹಾಗೇ ಕೂತಿರುವುದೂ ಇಲ್ಲ. ಅದಕ್ಕೆ ಹತ್ತು ಅವಸ್ಥೆಗಳನ್ನು ಹೇಳುತ್ತಾರೆ. ಅದರ ಕಾಲ ಮತ್ತು ತೀವ್ರತೆ ಕಡಿಮೆಯಾಗಬಹುದು, ಅದು ಅಪಕರ್ಷಣ. ಒಂದು ಬಗೆಯದು ತನ್ನ ಜಾತಿಯ ಇನ್ನೊಂದು ಬಗೆಗೆ ತಿರುಗಬಹುದು; ಅದು ಸಂಕ್ರಮಣ. ದುಃಖ ಕೊಡಬೇಕಿದ್ದದ್ದು ಸುಖ ಕೊಡುವುದಾಗಿ ಮಾರ್ಪಡುವುದು ಹೀಗೆ. ಯಾವುದಕ್ಕೂ ಜಗ್ಗದ ಅವಸ್ಥೆಯೂ ಒಂದಿದೆ, ಅದು ನಿಕಾಚಿತ. ಯಾವುದು ನಿಕಾಚಿತ ಎಂದು ನಮಗೆ ತಿಳಿಯದು. ಹಾಗಾಗಿ ಎಲ್ಲವೂ ಜಗ್ಗುತ್ತದೆ ಎಂದುಕೊಂಡೇ ಕೆಲಸಕ್ಕೆ ಇಳಿಯಬೇಕು.

ಇನ್ನೊಂದು ಮಾತು ಇಲ್ಲಿಯೇ ಗಟ್ಟಿ ಮಾಡಿಕೊಳ್ಳಿ. ಜೈನರಲ್ಲಿ ಪಾಪ ಮನ್ನಿಸುವ ದೇವರಿಲ್ಲ. ಹಾಗೆಯೇ ಅತ್ತಿಗೆ ‘ಪರವಾಗಿಲ್ಲ ಬಿಡು’ ಎಂದಾಕ್ಷಣ ತಮ್ಮನ ಕರ್ಮ ಕಳೆಯುವುದಿಲ್ಲ. ಅವರು ‘ಆಗಲ್ಲ’ ಎಂದರೆ ಅವನ ದಾರಿ ಮುಚ್ಚಿಹೋಗುವುದೂ ಇಲ್ಲ. ಕೇಳುವುದು ಅವನ ಕೆಲಸ. ಕೊಡುವುದು, ಬಿಡುವುದು ಅವರ ಕೆಲಸ. ಈ ಎರಡನ್ನೂ ಒಂದಕ್ಕೊಂದು ಕಟ್ಟಿಹಾಕಿದರೆ ಮುಂದಿನ ಹಂತವೆಲ್ಲ ಕೆಡುತ್ತದೆ.

ಹಂತ 1: ಗೆರೆ ಯಾವುದು ಎಂದು ನೋಡಿ

ಗಂಗರ ಮಂತ್ರಿ ಚಾವುಂಡರಾಯನಿಗಾಗಿ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು 10ನೇ ಶತಮಾನದಲ್ಲಿ ಗೊಮ್ಮಟಸಾರ ಬರೆದರು. ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನೇ. ಸಿಟ್ಟನ್ನು ಆ ಗ್ರಂಥ ನಾಲ್ಕು ಗೆರೆಗೆ ಹೋಲಿಸುತ್ತದೆ: ಕಲ್ಲಿನ ಮೇಲೆ ಎಳೆದದ್ದು, ನೆಲದಲ್ಲಿ ಬಿಟ್ಟ ಬಿರುಕು, ಧೂಳಿನ ಮೇಲಿನದು, ನೀರಿನ ಮೇಲಿನದು. ಸೊಕ್ಕಿಗೂ ನಾಲ್ಕು ಬಗೆ: ಕಲ್ಲು, ಮೂಳೆ, ಮರ, ಬೆತ್ತ. ಯಾವುದು ಎಷ್ಟು ಬಗ್ಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ ಅಲ್ವಾ.

ಅದೇ ಗ್ರಂಥ ಕಷಾಯದ ವಾಸನೆ ಮನಸ್ಸಲ್ಲಿ ಎಷ್ಟು ಕಾಲ ನಿಲ್ಲುತ್ತದೆ ಎಂದೂ ಹೇಳುತ್ತದೆ. ಅತಿ ಹಗುರವಾದದ್ದು 48 ನಿಮಿಷದೊಳಗೆ ಹೋಗುತ್ತದೆ. ನಂತರದ್ದು 15 ದಿನ, ಅದರ ನಂತರದ್ದು 6 ತಿಂಗಳು. ಅದನ್ನೂ ದಾಟಿದರೆ ಜನ್ಮಜನ್ಮಕ್ಕೆ ಬೆನ್ನು ಹತ್ತುವಂಥದ್ದು. ಶ್ವೇತಾಂಬರರ ಲೆಕ್ಕ ಬೇರೆ: 15 ದಿನ, 4 ತಿಂಗಳು, 1 ವರ್ಷ, ಜೀವನಪೂರ್ತಿ. ಪ್ರತಿಕ್ರಮಣ ಎಂಬ ತಪ್ಪೊಪ್ಪಿಗೆಯ ವಿಧಿಯನ್ನು ದಿನಕ್ಕೆ, ಪಕ್ಷಕ್ಕೆ, ನಾಲ್ಕು ತಿಂಗಳಿಗೆ, ವರ್ಷಕ್ಕೆ ಎಂದು ಇಟ್ಟಿರುವುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಗೆರೆ ಮುಂದಿನ ಮೆಟ್ಟಿಲಿಗೆ ಏರುವ ಮುಂಚೆ ಹಿಡಿಯಿರಿ ಎಂಬ ಹಾಗಿದೆ.

ನೀವು ಮಾಡಬೇಕಾದ್ದು ಇಷ್ಟು. ಒಂದು ಹಾಳೆಯಲ್ಲಿ ನಿಮ್ಮ ಜಗಳಗಳನ್ನು ಬರೆಯಿರಿ, ಪಕ್ಕದಲ್ಲಿ ಎಷ್ಟು ಕಾಲವಾಯಿತು ಎಂದು ಬರೆಯಿರಿ. ಹದಿನೈದು ದಿನದೊಳಗಿನದಾದರೆ ಒಂದು ಫೋನು ಸಾಕು, ಇವತ್ತೇ ಮಾಡಿ. ಆರು ತಿಂಗಳು ದಾಟಿದ್ದಕ್ಕೆ ಮುಂದಿನ ಹಂತಗಳು ಬೇಕು. ಒಂದು ಸಲಕ್ಕೆ ಒಂದೇ ಹೆಸರು ಎತ್ತಿಕೊಳ್ಳಿ. ಹತ್ತು ಜನರ ಕ್ಷಮೆಯನ್ನು ಒಂದೇ ವಾರ ಕೇಳಲು ಹೊರಟವರು ಕೊನೆಗೆ ಆ ಇನ್ನೂರರ ಮೆಸೇಜಿಗೇ ಬಂದು ನಿಲ್ಲುತ್ತಾರೆ.

ಹಂತ 2: ಇನ್ನೊಬ್ಬರ ಮುಂದೆ ಹೇಳಿ, ಹತ್ತು ಕಳ್ಳದಾರಿ ಬಿಟ್ಟು

ನೊಂದವರ ಹತ್ತಿರ ಹೋಗುವ ಮುಂಚೆ ನಂಬಿಕಸ್ಥರೊಬ್ಬರ ಮುಂದೆ ನಡೆದದ್ದನ್ನು ನಡೆದ ಹಾಗೆ ಹೇಳಬೇಕು. ಜೈನ ಮುನಿಗಳು ಗುರುವಿನ ಮುಂದೆ ಮಾಡುವ ಇದಕ್ಕೆ ಆಲೋಚನೆ ಎಂದೇ ಹೆಸರು. ಹೀಗೆ ಹೇಳಿಕೊಳ್ಳುವಾಗ ಜನ ಹೇಗೆಲ್ಲ ತಪ್ಪಿಸಿಕೊಳ್ಳುತ್ತಾರೆ ಎಂದು ಹಳಬರು ಹತ್ತು ದೋಷಗಳ ಪಟ್ಟಿಯನ್ನೇ ಮಾಡಿದ್ದಾರೆ. ಭಗವತೀ ಆರಾಧನಾ ಎಂಬ ಪ್ರಾಕೃತ ಗ್ರಂಥದಲ್ಲಿ ಅದಿದೆ. ನಮ್ಮ ವಡ್ಡಾರಾಧನೆಯ ಕಥೆಗಳ ಬೇರು ಇರುವುದೂ ಅದರಲ್ಲೇ. ಪಟ್ಟಿ ಓದಿದರೆ ಇವತ್ತು ಬೆಳಗ್ಗೆ ಯಾರೋ ನಮ್ಮನ್ನು ನೋಡಿಕೊಂಡೇ ಬರೆದಂತಿದೆ.

ಒಂದು, ಮೊದಲೇ ಏನಾದರೂ ಕೊಟ್ಟು, ಸೇವೆ ಮಾಡಿ, ಗುರುವಿನ ಮನಸ್ಸು ಕರಗಿಸಿ ಆಮೇಲೆ ಹೇಳುವುದು. ಸೀರೆ, ಸ್ವೀಟ್ ಬಾಕ್ಸ್ ಹಿಡಿದು ಅತ್ತಿಗೆ ಮನೆಗೆ ಹೋಗುವುದು ಇದೇ ಜಾತಿ. ಎರಡು, ‘ನನಗೆ ಮೊದಲೇ ಮೈ ಹುಷಾರಿಲ್ಲ’ ಎಂದು ಪೀಠಿಕೆ ಹಾಕಿ ಶಿಕ್ಷೆ ಕಡಿಮೆ ಮಾಡಿಸಿಕೊಳ್ಳುವುದು. ನಮ್ಮ ಕಾಲದಲ್ಲಿ ಅದು ‘ಆಗ ನಾನು ತುಂಬಾ ಟೆನ್ಶನ್‌ನಲ್ಲಿದ್ದೆ’ ಎಂದಾಗಿದೆ. ಮೂರು, ಬೇರೆಯವರು ಕಂಡ ತಪ್ಪನ್ನು ಮಾತ್ರ ಒಪ್ಪುವುದು. ಪಂಕ್ತಿಯಲ್ಲಿ ಆಡಿದ ಮಾತು ಎಲ್ಲರೂ ಕೇಳಿದ್ದಾರೆ. ಆದರೆ ಅದಕ್ಕೂ ಮುಂಚೆ ಮೂರು ತಿಂಗಳು ಅದೇ ಮಾತನ್ನು ಅಕ್ಕನ ಹತ್ತಿರ, ಚಿಕ್ಕಪ್ಪನ ಹತ್ತಿರ ಫೋನಿನಲ್ಲಿ ಹೇಳಿದ್ದಿದೆಯಲ್ಲ, ಅದು ಪಟ್ಟಿಗೆ ಬಂತಾ?

ನಾಲ್ಕು ಮತ್ತು ಐದು ಜೋಡಿ. ದೊಡ್ಡದನ್ನಷ್ಟೇ ಹೇಳಿ ಸಣ್ಣದನ್ನು ಬಿಡುವುದು. ಸಣ್ಣಪುಟ್ಟದ್ದನ್ನೇ ವಿಸ್ತಾರವಾಗಿ ಹೇಳಿ ದೊಡ್ಡದನ್ನು ಮುಚ್ಚುವುದು. ಐದನೆಯದು ಜಾಸ್ತಿ ಅಪಾಯ. ‘ನಾನು ಸ್ವಲ್ಪ ಒರಟು ಮನುಷ್ಯ’ ಎಂದು ಧಾರಾಳವಾಗಿ ಒಪ್ಪುವವರು ‘ನಾನು ಅವರನ್ನು ಕಳ್ಳಿ ಎಂದೆ’ ಎನ್ನುವುದಿಲ್ಲ.

ಆರನೆಯದು ನನಗೆ ತುಂಬಾ ಇಷ್ಟ: ‘ಯಾರಾದರೂ ಇಂಥ ತಪ್ಪು ಮಾಡಿದರೆ ಏನು ಪ್ರಾಯಶ್ಚಿತ್ತ?’ ಎಂದು ಯಾರದೋ ವಿಷಯದಂತೆ ಕೇಳಿ ತಿಳಿದುಕೊಳ್ಳುವುದು. ‘ನನ್ನ ಫ್ರೆಂಡ್ ಒಬ್ಬನ ಕಥೆ’ ಎಂದು ಶುರುವಾಗುವ ಎಷ್ಟು ಮಾತು ಕೇಳಿಲ್ಲ ನಾವು! ಏಳು, ಗದ್ದಲದ ನಡುವೆ ಹೇಳುವುದು, ಕೇಳಿಸಲೂಬಾರದು, ಹೇಳಿದ ಹಾಗೂ ಆಗಬೇಕು. ಮದುವೆ ಮನೆಯಲ್ಲಿ ವಾಲಗದ ಸದ್ದಿನಲ್ಲಿ ‘ಸಾರಿ ಅತ್ತಿಗೆ’ ಎಂದು ಗೊಣಗಿ ದಾಟುವುದು. ಎಂಟು, ಒಬ್ಬ ಗುರು ಹೇಳಿದ್ದು ಒಗ್ಗದೆ ಹತ್ತು ಜನರನ್ನು ಕೇಳುತ್ತ ಹೋಗುವುದು. ಒಂಬತ್ತು, ತಿಳಿವಳಿಕೆ ಇಲ್ಲದವರ ಮುಂದೆ ಹೇಳಿ ಮುಗಿಸುವುದು. ಹತ್ತು, ಅದೇ ತಪ್ಪು ಮಾಡುವವನ ಮುಂದೆ ಹೇಳುವುದು. ಅಣ್ಣತಮ್ಮಂದಿರ ಜೊತೆ ಕೋರ್ಟಿನಲ್ಲಿರುವ ಸ್ನೇಹಿತನಿಗೆ ಹೇಳಿದರೆ ಅವನು ‘ನೀನು ಮಾಡಿದ್ದೇ ಸರಿ ಕಣೋ’ ಎನ್ನುತ್ತಾನೆ, ಮತ್ತೇನು?

ಯಾರ ಮುಂದೆ ಹೇಳಬೇಕು ಹಾಗಾದರೆ? ನಿಮ್ಮನ್ನು ಪ್ರೀತಿಸುವ, ಆದರೆ ನಿಮ್ಮ ಪರ ವಾದಿಸದ ಒಬ್ಬರು. ಎರಡೂ ಮನೆಗೆ ಬೇಕಾದ ಸೋದರತ್ತೆ ಇರಬಹುದು, ಹಳೆಯ ಮೇಷ್ಟ್ರು ಇರಬಹುದು. ಹೇಳಿ ಮುಗಿಸಿದ ಮೇಲೆ ಒಂದೇ ಪ್ರಶ್ನೆ ಕೇಳಿ: ‘ಇದರಲ್ಲಿ ನಾನು ಏನು ಬಿಟ್ಟೆ?’

ಅವರು ನಿಜ ಹೇಳಿದಾಗ ಸಿಟ್ಟು ಬರುತ್ತದೆ. ಅದಕ್ಕೂ ಸಿದ್ಧವಾಗಿರಿ. ಮಹಾವೀರನಿಗೆ ಎದುರಾದ ಚಂಡಕೌಶಿಕ ಎಂಬ ವಿಷಸರ್ಪದ ಕಥೆ ಶ್ವೇತಾಂಬರರಲ್ಲಿ ಮನೆಮಾತು. ಅದು ಹಿಂದೊಂದು ಜನ್ಮದಲ್ಲಿ ಮುನಿಯಾಗಿತ್ತಂತೆ. ನಡೆಯುವಾಗ ಕಾಲಡಿ ಒಂದು ಕಪ್ಪೆ ಸತ್ತಿತು. ‘ಅದನ್ನು ಒಪ್ಪಿಕೊಳ್ಳಿ’ ಎಂದು ಶಿಷ್ಯ ನೆನಪಿಸಿದ, ಸಂಜೆಯ ಪ್ರತಿಕ್ರಮಣದಲ್ಲಿ ಮತ್ತೆ ನೆನಪಿಸಿದ. ಗುರು ಕೆರಳಿ ಹೊಡೆಯಲು ಓಡಿ, ಕತ್ತಲಲ್ಲಿ ಕಂಬಕ್ಕೆ ಬಡಿದು ಸತ್ತ. ಕಪ್ಪೆ ಸತ್ತದ್ದು ಅಜಾಗರೂಕತೆ, ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಹಾವಿನ ಜನ್ಮದ ತನಕ ಎಳೆದುಕೊಂಡು ಹೋದದ್ದು ನೆನಪಿಸಿದವನ ಮೇಲಿನ ಸಿಟ್ಟು.

ಹಂತ 3: ಮಾತು ಕಟ್ಟಿಕೊಳ್ಳಿ

‘ತಿಳಿದೋ ತಿಳಿಯದೆಯೋ’ ಎನ್ನುವುದು ನಿಜವಾಗಿ ತಿಳಿಯದ ತಪ್ಪುಗಳಿಗೆ. ಕಾಲಡಿಯ ಇರುವೆಗೆ, ಗೊತ್ತಿಲ್ಲದೆ ನೋಯಿಸಿದವರಿಗೆ ಅದು ಸರಿ. ತಿಳಿದು ಮಾಡಿದ್ದಕ್ಕೆ ಆ ಸಾಲು ಹೊದಿಸಬಾರದು. ‘ನಿಮಗೆ ಬೇಜಾರಾಗಿದ್ದರೆ’ ಎಂಬುದೂ ಬೇಡ. ಬೇಜಾರಾಗಿದೆ, ಪಾತ್ರೆ ಇಟ್ಟು ಒಳಗೆ ಹೋದದ್ದನ್ನು ಊರೇ ನೋಡಿದೆ.

ಏನು ಮಾಡಿದೆ, ಅದು ಸುಳ್ಳು ಅಥವಾ ತಪ್ಪು ಹೇಗೆ, ಈಗ ಏನು ಸರಿಮಾಡುತ್ತೇನೆ. ಮೂರೇ ಭಾಗ. ತಮ್ಮನ ಮಾತು ಹೀಗಿರಬಹುದು:

‘ಅತ್ತಿಗೆ, ಗೃಹಪ್ರವೇಶದ ದಿನ ಎಲ್ಲರ ಮುಂದೆ ನಿಮ್ಮ ಮೇಲೆ ಬಳೆ ಕದ್ದ ಆರೋಪ ಹೊರಿಸಿದೆ. ಅಕ್ಕ, ಚಿಕ್ಕಪ್ಪನ ಹತ್ತಿರಾನೂ ಅದನ್ನೇ ಹೇಳಿದ್ದೆ. ಅದು ಸುಳ್ಳು. ಅಮ್ಮನೇ ಮಾರಿಸಿದ್ದು ಅಂತ ನನಗೀಗ ಗೊತ್ತು. ಗೊತ್ತಾದ ಮೇಲೂ ಸುಮ್ನಿದ್ದೆ. ತಪ್ಪಾಯ್ತು. ಯಾರ್ಯಾರ ಹತ್ತಿರ ಹೇಳಿದ್ನೋ ಅವರಿಗೆಲ್ಲ ನಾನೇ ಹೇಳಿ ಸರಿಮಾಡ್ತೀನಿ.’

ಇಲ್ಲಿ ‘ಆದರೆ’ ಇಲ್ಲ, ಗಮನಿಸಿ. ‘ಅಣ್ಣನೂ ಪಾಲಿನಲ್ಲಿ ಅನ್ಯಾಯ ಮಾಡಿದ’ ಎಂಬುದು ನಿಜವೇ ಇರಬಹುದು. ಅದು ಬೇರೆ ದಿನದ, ಬೇರೆ ಮನುಷ್ಯನ ಜೊತೆಗಿನ ಮಾತು.

ಹಂತ 4: ಹೋಗಿ

ಹಬ್ಬದ ದಿನ ಬೇಡ. ನೆಂಟರು ತುಂಬಿರುವಾಗ ಕಾಲಿಗೆ ಬಿದ್ದರೆ ಅವರು ‘ಏಳಪ್ಪ’ ಎನ್ನಲೇಬೇಕಾಗುತ್ತದೆ. ಅದು ಕೇಳಿದ್ದಲ್ಲ, ಇಕ್ಕಟ್ಟಿಗೆ ಸಿಕ್ಕಿಸಿದ್ದು. ಮೊದಲೇ ಫೋನು ಮಾಡಿ ಅಥವಾ ಮೂರನೆಯವರ ಮೂಲಕ ಕೇಳಿ: ಬರಬಹುದಾ, ಯಾವಾಗ? ಬೇಡ ಎಂದರೆ ಕಾಗದ ಬರೆಯಿರಿ. ಹೋದರೆ ಬರಿಗೈಯಲ್ಲಿ ಹೋಗಿ. ಹೇಳಬೇಕಾದ್ದು ಹೇಳಿ ಸುಮ್ಮನಾಗಿ. ಅವರು ನಾಲ್ಕು ವರ್ಷದ್ದು ಒಟ್ಟಿಗೆ ಅಂದರೆ ಅನ್ನಿಸಿಕೊಳ್ಳಿ, ಅಲ್ಲಿ ತಿದ್ದುಪಡಿ ಮಾಡಲು ಹೋಗಬೇಡಿ. ಹತ್ತೇ ನಿಮಿಷದಲ್ಲಿ ಮುಗಿದರೂ ಸರಿ, ಕಾಫಿಗೆ ಕಾಯುತ್ತ ಕೂರಬೇಡಿ.

ಹಂತ 5: ಹಾಳಾದದ್ದನ್ನು ಸರಿಮಾಡಿ

ನಾಲ್ಕು ಜನರ ಮುಂದೆ ಆಡಿದ್ದನ್ನು ಅದೇ ನಾಲ್ಕು ಜನರ ಮುಂದೆ ವಾಪಸು ತೆಗೆದುಕೊಳ್ಳಬೇಕು. ಒಳಕೋಣೆಯ ಕ್ಷಮೆ ಸಾಲದು. ದುಡ್ಡಿನ ವಿಷಯವಾದರೆ ದುಡ್ಡು ಕೊಡಿ; ಒಟ್ಟಿಗೆ ಆಗದಿದ್ದರೆ ಕಂತಿನಲ್ಲಿ, ಅವರು ಕೇಳುವ ಮುಂಚೆ. ದೇವಸ್ಥಾನಕ್ಕೆ ತಪ್ಪುಕಾಣಿಕೆ ಹಾಕಿ ಸಾಲ ಕೊಟ್ಟವನಿಗೆ ಕೈಯೆತ್ತಿಬಿಡುವುದು ನಮ್ಮಲ್ಲಿ ಬೇಕಾದಷ್ಟಿದೆ.

ಹಂತ 6: ಅವರು ಒಪ್ಪದಿದ್ದರೆ

ಜೈನರ ಕ್ಷಮೆಯ ಗಾಹೆ, ಅಂದರೆ ಪದ್ಯ, ಪ್ರಾಕೃತದಲ್ಲಿದೆ. ದಿಗಂಬರರ ಪಾಠದಲ್ಲಿ ಅದು ‘ಖಮ್ಮಾಮಿ ಸವ್ವಜೀವಾಣಂ, ಸವ್ವೇ ಜೀವಾ ಖಮಂತು ಮೇ’ ಎಂದು ಶುರುವಾಗುತ್ತದೆ. ಎಲ್ಲ ಜೀವಿಗಳನ್ನೂ ನಾನು ಕ್ಷಮಿಸುತ್ತೇನೆ, ಎಲ್ಲ ಜೀವಿಗಳೂ ನನ್ನನ್ನು ಕ್ಷಮಿಸಲಿ. ‘ಕ್ಷಮಿಸಲಿ’ ಎಂದಿದೆ, ‘ಕ್ಷಮಿಸಲೇಬೇಕು’ ಎಂದಲ್ಲ. ಅತ್ತಿಗೆ ಬಾಗಿಲು ಹಾಕಿಕೊಂಡರೆ ಆ ಬಾಗಿಲು ಅವರದ್ದು. ‘ನಾನಾಗೇ ಬಂದು ಕೇಳಿದೆ, ಆದರೂ ಜಂಭ ನೋಡಿ’ ಎಂದು ಊರಲ್ಲಿ ಹೇಳಿದರೆ ಎರಡನೇ ಆರೋಪ ಹೊರಿಸಿದಂತಾಯಿತು.

ಚಂಡಕೌಶಿಕನ ಕಥೆ ಇಲ್ಲಿ ಮುಂದುವರಿಯುತ್ತದೆ. ಮಹಾವೀರನ ಮಾತು ಕೇಳಿ ಹಾವು ಸಿಟ್ಟು ಬಿಟ್ಟಿತು, ಬಿಲದೊಳಗೆ ತಲೆಯಿಟ್ಟು ಮಲಗಿತು. ಮೈಗೆ ಮುತ್ತಿದ ಇರುವೆಗಳು ಅದನ್ನು ತಿಂದವು. ಹೊರಳಿದರೆ ಇರುವೆ ಸಾಯುತ್ತವೆ ಎಂದು ಅದು ಅಲುಗಲಿಲ್ಲ. ಬದಲಾದ ಕೂಡಲೇ ಹಳೆಯ ಲೆಕ್ಕ ಮಾಯವಾಗುತ್ತದೆ ಎಂದು ಕಥೆ ಹೇಳುವುದಿಲ್ಲ. ಬದಲಾದವನು ಆ ಲೆಕ್ಕವನ್ನು ಬೇರೆ ರೀತಿ ಅನುಭವಿಸುತ್ತಾನೆ, ಅಷ್ಟೇ.

ಕ್ಷಮಿಸಬೇಕಾದವರು ನೀವಾಗಿದ್ದರೆ

ಇದಕ್ಕೆ ಹಂತಗಳಿಲ್ಲ. ನೊಂದವರಿಗೆ ಗಡುವು ಕೊಡುವುದು ನನಗೆ ಒಪ್ಪಿಗೆಯಿಲ್ಲ. ಬಾಹುಬಲಿಯೇ ಒಂದು ವರ್ಷ ನಿಂತವನು. ಗೆದ್ದು, ರಾಜ್ಯವನ್ನೂ ಬಿಟ್ಟು, ಮೈಮೇಲೆ ಬಳ್ಳಿ ಹಬ್ಬುವ ತನಕ ನಿಂತರೂ ‘ನನ್ನಿಂದ ಅಣ್ಣನಿಗೆ ನೋವಾಯಿತಲ್ಲ’ ಎಂಬ ಚಿಕ್ಕ ಮುಳ್ಳು ಒಳಗೆ ಉಳಿದಿತ್ತು ಎನ್ನುತ್ತದೆ ದಿಗಂಬರರ ಪುರಾಣ. ಭರತ ತಾನಾಗಿ ಬಂದು ಪೂಜಿಸಿದ ಮೇಲೆ ಅದು ಹೋಯಿತು. ಅಂಥವನಿಗೇ ಎದುರಿನವನು ಬರಬೇಕಾಯಿತು.

ಎರಡು ಮಾತು ಮಾತ್ರ ಹೇಳುತ್ತೇನೆ. ಕ್ಷಮಿಸುವುದು ಎಂದರೆ ಮತ್ತೆ ಅದೇ ಮನೆಯಲ್ಲಿ, ಅದೇ ಕೈಗೆ ಸಿಗುವಂತೆ ಇರುವುದು ಎಂದಲ್ಲ. ಮನೆಯಲ್ಲಿ ಹೊಡೆತ, ಬೆದರಿಕೆ ಇದ್ದರೆ ಮೊದಲು ಆಚೆ ಬನ್ನಿ. ಮಹಿಳಾ ಸಹಾಯವಾಣಿ 181 ಇದೆ. ವೈರ ಬಿಡುವ ವಿಷಯ ಆಮೇಲೆ, ಸುರಕ್ಷಿತ ಜಾಗದಲ್ಲಿ ಕೂತು ಯೋಚಿಸುವಂಥದ್ದು. ಇನ್ನೊಂದು, ‘ಅದು ನಿನ್ನ ಹಿಂದಿನ ಜನ್ಮದ ಕರ್ಮ’ ಎಂದು ನಿಮಗೆ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಹೊಡೆದವನಿಗೆ ಅವನ ಹೊಡೆತದ ಕರ್ಮ ಅಂಟುತ್ತದೆ ಎಂಬುದೂ ಅದೇ ಸಿದ್ಧಾಂತ. ಅದನ್ನು ಅರ್ಧ ಮಾತ್ರ ಓದಿದವರು ನೊಂದವರ ಮೇಲೇ ಅದನ್ನು ಹೇರುತ್ತಾರೆ.

ಹಂತ 7: ಸಣ್ಣ ನಿಯಮ, ಗೊತ್ತಾದ ಗಡುವು

ಕೇಳಿ ಬಂದಾಯಿತು. ಮುಂದಿನ ಹಬ್ಬಕ್ಕೆ ಮತ್ತೆ ಪಂಕ್ತಿ ಹಾಕುತ್ತಾರೆ, ಮತ್ತೆ ಯಾರೋ ಪಾಲಿನ ಮಾತು ತೆಗೆಯುತ್ತಾರೆ. ಆಗ?

‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆ ನಮ್ಮಲ್ಲಿ ಎಲ್ಲರ ನಾಲಿಗೆ ತುದಿಯಲ್ಲಿದೆ. ತಪ್ಪು ಮಾಡಿದವರಿಗೆ ಇದಕ್ಕಿಂತ ಅನುಕೂಲದ ಗಾದೆ ಇನ್ನೊಂದಿಲ್ಲ. ಒಂದೇ ದಿನದಲ್ಲಿ ಹೋಗದು ಎಂದರೆ ಒಪ್ಪೋಣ. ಅದಕ್ಕೇ ‘ಇನ್ನು ಜನ್ಮದಲ್ಲಿ ಸಿಟ್ಟು ಮಾಡಲ್ಲ’ ಎಂಬ ಆಣೆ ಬೇಡ. ಜೈನ ಗೃಹಸ್ಥರ ವ್ರತಗಳಲ್ಲಿ ಯಮ, ನಿಯಮ ಎಂದು ಎರಡಿವೆ. ಸಾಯುವ ತನಕ ಹಿಡಿದದ್ದು ಯಮ. ಇಷ್ಟು ಕಾಲ ಎಂದು ಅಳೆದು ಹಿಡಿದದ್ದು ನಿಯಮ. ನಿಯಮದಿಂದ ಶುರು ಮಾಡಿ.

ಎಷ್ಟು ಚಿಕ್ಕದೋ ಅಷ್ಟು ಒಳ್ಳೆಯದು. ‘ಮುಂದಿನ ಹದಿನೈದು ದಿನ, ಊಟಕ್ಕೆ ಕೂತಲ್ಲಿ ದುಡ್ಡಿನ ಮಾತು ಆಡುವುದಿಲ್ಲ.’ ‘ಈ ತಿಂಗಳು, ಎದುರಿಗಿಲ್ಲದವರ ಬಗ್ಗೆ ಫೋನಿನಲ್ಲಿ ದೂರು ಹೇಳುವುದಿಲ್ಲ.’ ಮಾಡಿದೆನೋ ಇಲ್ಲವೋ ಎಂದು ರಾತ್ರಿ ಹೌದು-ಇಲ್ಲದಲ್ಲಿ ಹೇಳುವಂತಿರಬೇಕು. ‘ಒಳ್ಳೆಯವನಾಗಿರುತ್ತೇನೆ’ ಎಂಬುದನ್ನು ಹಾಗೆ ಅಳೆಯಲು ಬರುವುದಿಲ್ಲ. ಮಲಗುವ ಮುಂಚೆ ಎರಡು ನಿಮಿಷ ಆ ದಿನದ್ದು ನೋಡಿ. ಹದಿನೈದು ದಿನಕ್ಕೊಮ್ಮೆ, ಅಮಾವಾಸ್ಯೆ ಹುಣ್ಣಿಮೆಗೆ, ಸ್ವಲ್ಪ ಜಾಸ್ತಿ ಹೊತ್ತು ಕೂತು ನೋಡಿ. ಸಿಟ್ಟು ಬಂತಾ ಎಂದು ಕೇಳಿಕೊಳ್ಳಬೇಡಿ, ಬಂದೇ ಬರುತ್ತದೆ. ಬಂದದ್ದು ಎಷ್ಟು ಹೊತ್ತು ಇತ್ತು ಎಂದು ಕೇಳಿಕೊಳ್ಳಿ. ಕಳೆದ ವರ್ಷ ಆರು ತಿಂಗಳು ಕೊರೆಯುತ್ತಿದ್ದುದು ಈ ಸಲ ಹತ್ತು ದಿನಕ್ಕೆ ಇಳಿದಿದ್ದರೆ ನೀವು ಬದಲಾಗಿದ್ದೀರಿ. ಬೇರೆ ಯಾರಿಗೂ ಅದು ಕಾಣದಿದ್ದರೂ ಪರವಾಗಿಲ್ಲ.

ನಿಯಮ ಮುರಿಯುತ್ತದೆ. ಮುರಿದರೆ ಏನು ಮಾಡಬೇಕೆಂದು ಮೊದಲೇ ನಿರ್ಧರಿಸಿಟ್ಟುಕೊಳ್ಳಿ. ಮುನಿಗಳಿಗೆ ಹೇಳಿದ ಪ್ರಾಯಶ್ಚಿತ್ತಗಳಲ್ಲಿ ಛೇದ ಎಂಬುದೊಂದಿದೆ. ತಪ್ಪಿಗೆ ತಕ್ಕಂತೆ ದೀಕ್ಷೆಯ ಹಿರಿತನದಿಂದ ಇಷ್ಟು ದಿನ, ಇಷ್ಟು ತಿಂಗಳು ಎಂದು ಕತ್ತರಿಸುತ್ತಾರೆ. ನಿನ್ನೆಯವರೆಗೆ ತನಗೆ ನಮಸ್ಕರಿಸುತ್ತಿದ್ದ ಕಿರಿಯನಿಗೆ ಅವನು ಈಗ ನಮಸ್ಕರಿಸಬೇಕಾಗಬಹುದು. ಆದರೆ ಅವನು ಮುನಿಯಾಗಿಯೇ ಉಳಿಯುತ್ತಾನೆ, ಉಳಿದ ವರ್ಷಗಳು ಲೆಕ್ಕದಲ್ಲೇ ಇರುತ್ತವೆ. ನೀವೂ ಹಾಗೇ ಮಾಡಿ. ಹನ್ನೊಂದನೇ ದಿನ ಮುರಿಯಿತೆಂದು ಹತ್ತು ದಿನವನ್ನೂ ಅಳಿಸಬೇಡಿ. ಮೂರು ದಿನ ಕಳೆಯಿರಿ, ಯಾರ ಮುಂದೆ ಮೊದಲು ಹೇಳಿದ್ದಿರೋ ಅವರಿಗೆ ಫೋನು ಮಾಡಿ ನಡೆದದ್ದು ಹೇಳಿ, ಎಂಟನೇ ದಿನದಿಂದ ಎಣಿಸುತ್ತ ಹೋಗಿ.